ಏಕಮಾಲೀಕತ್ವದ ಉದ್ಯಮಗಳು ಮತ್ತು ತೆರಿಗೆ ಗುರುತಿನ ಸಂಖ್ಯೆಗಳು: ಗ್ರಾಮೀಣ ವ್ಯಾಪಾರಿಗಳು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿ ನಡೆಯುತ್ತಿರುವ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೋಟೆಲು, ಬೇಕರಿ, ಹೊಲಿಗೆ ಕೇಂದ್ರ, ವೆಲ್ಡಿಂಗ್ ಶೆಡ್ಡು, ಗೊಬ್ಬರದ ಅಂಗಡಿ ಮೊದಲಾದವುಗಳಲ್ಲಿ ಹೆಚ್ಚಿನವು ಒಬ್ಬರೇ ಮಾಲೀಕರಿರುವ ಉದ್ಯಮಗಳಾಗಿವೆ. ವ್ಯಾಪಾರ ಪರವಾನಗಿಗಾಗಿ ಪಂಚಾಯತಿ ಕಚೇರಿಗೆ ಬರುವ ಇಂತಹ ಮಾಲೀಕರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಂಗಡಿಗೆ ಬೇರೆ ಪ್ಯಾನ್ ಬೇಕೇ? ಜಿಎಸ್‌ಟಿ ನಂಬರ್ ಮಾಡಿಸಲೇಬೇಕೇ? ಉದ್ಯಮ್ ನೋಂದಣಿ ಇದ್ದರೆ ಸಾಲದೇ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದಲ್ಲಿ ಕೆಲವರು ಅಗತ್ಯವಿಲ್ಲದ ನೋಂದಣಿ ಮಾಡಿಸಿ ದಂಡ ತೆರುತ್ತಾರೆ. ಇನ್ನು ಕೆಲವರು ಅಗತ್ಯವಿದ್ದೂ ಮಾಡಿಸದೆ ನೋಟಿಸ್ ಪಡೆಯುತ್ತಾರೆ.

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಸ್ವೀಕೃತವಾದ ಮೊತ್ತಗಳ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದ್ದು ಎಲ್ಲರ ನೆನಪಿನಲ್ಲಿದೆ. ಹಲವು ಅಂಗಡಿಗಳಲ್ಲಿ ಕ್ಯೂಆರ್ ಫಲಕ ತೆಗೆದು 'ನಗದು ಮಾತ್ರ' ಎಂದು ಬರೆದು ಹಾಕಲಾಯಿತು. ಜುಲೈ 23ರಂದು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಹಳೆಯ ಬಾಕಿಯನ್ನು ವಸೂಲು ಮಾಡಲಾಗುವುದಿಲ್ಲ, ಆದರೆ ನೋಂದಣಿಗೆ ಅರ್ಹರಾದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಪ್ರಕಟಿಸಿದರು. ಆ ಸಂದರ್ಭದ ಗೊಂದಲಕ್ಕೆ ಒಂದು ಮುಖ್ಯ ಕಾರಣವೆಂದರೆ, ಈ ಸಂಖ್ಯೆಗಳು ಯಾರಿಗೆ ಸೇರಿದವು ಮತ್ತು ಅವುಗಳ ಅಡಿಯಲ್ಲಿ ಏನೇನು ಲೆಕ್ಕಕ್ಕೆ ಬರುತ್ತದೆ ಎಂಬ ತಿಳಿವಳಿಕೆಯ ಕೊರತೆ. ಆ ತಿಳಿವಳಿಕೆಯನ್ನು ಸರಳವಾಗಿ ನೀಡುವುದು ಈ ಲೇಖನದ ಉದ್ದೇಶ.

1. ಏಕಮಾಲೀಕತ್ವ ಎಂದರೇನು?

ಒಬ್ಬ ವ್ಯಕ್ತಿಯು ತನ್ನ ಹಣ, ತನ್ನ ಹೊಣೆ ಮತ್ತು ತನ್ನ ಲಾಭನಷ್ಟದ ಮೇಲೆ ನಡೆಸುವ ಉದ್ಯಮವೇ ಏಕಮಾಲೀಕತ್ವದ ಉದ್ಯಮ. ಕಂಪನಿಯು ಕಾನೂನಿನ ದೃಷ್ಟಿಯಲ್ಲಿ ತನ್ನ ಮಾಲೀಕರಿಂದ ಪ್ರತ್ಯೇಕವಾದ ವ್ಯಕ್ತಿ. ಏಕಮಾಲೀಕತ್ವದ ಉದ್ಯಮಕ್ಕೆ ಅಂತಹ ಪ್ರತ್ಯೇಕ ಅಸ್ತಿತ್ವವಿಲ್ಲ. ಫಲಕದ ಮೇಲೆ ದೇವರ ಹೆಸರಿರಲಿ, ಮಗಳ ಹೆಸರಿರಲಿ, ಅದು ವ್ಯವಹಾರದ ಹೆಸರು ಮಾತ್ರ. ಸಾಲ, ತೆರಿಗೆ ಮತ್ತು ದಂಡದ ಹೊಣೆಯೆಲ್ಲ ಮಾಲೀಕರ ಮೇಲೆಯೇ ಇರುತ್ತದೆ.

ಈ ಒಂದು ಅಂಶವನ್ನು ಮನದಟ್ಟು ಮಾಡಿಕೊಂಡರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ: ತೆರಿಗೆ ಗುರುತಿನ ಸಂಖ್ಯೆಯು ಅಂಗಡಿಗಲ್ಲ, ಅಂಗಡಿಯ ಮಾಲೀಕರಿಗೆ ಸೇರಿದ್ದು.

2. ಪ್ಯಾನ್: ಎಲ್ಲಕ್ಕೂ ಮೂಲವಾದ ಸಂಖ್ಯೆ

ಪ್ಯಾನ್ ಎಂಬುದು ಆದಾಯ ತೆರಿಗೆ ಇಲಾಖೆ ನೀಡುವ ಹತ್ತು ಸ್ಥಾನಗಳ ಕಾಯಂ ಖಾತೆ ಸಂಖ್ಯೆ. ಮೊದಲ ಐದು ಸ್ಥಾನಗಳಲ್ಲಿ ಅಕ್ಷರಗಳು, ನಂತರದ ನಾಲ್ಕರಲ್ಲಿ ಅಂಕಿಗಳು, ಕೊನೆಯಲ್ಲಿ ಒಂದು ಅಕ್ಷರ ಇರುತ್ತವೆ. ಇದರಲ್ಲಿ ನಾಲ್ಕನೆಯ ಅಕ್ಷರವನ್ನು ಗಮನಿಸಬೇಕು. ಅದು ಸಂಖ್ಯೆ ಹೊಂದಿರುವವರು ಯಾವ ವರ್ಗಕ್ಕೆ ಸೇರಿದವರು ಎಂಬುದನ್ನು ತಿಳಿಸುತ್ತದೆ: ವ್ಯಕ್ತಿಗೆ 'ಪಿ', ಕಂಪನಿಗೆ 'ಸಿ', ಪಾಲುದಾರಿಕೆ ಸಂಸ್ಥೆಗೆ 'ಎಫ್', ಹಿಂದೂ ಅವಿಭಕ್ತ ಕುಟುಂಬಕ್ಕೆ 'ಎಚ್', ಟ್ರಸ್ಟಿಗೆ 'ಟಿ'.

ಏಕಮಾಲೀಕತ್ವಕ್ಕೆಂದು ಈ ಪಟ್ಟಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಮಾಲೀಕರ ವೈಯಕ್ತಿಕ ಪ್ಯಾನ್ ಸಂಖ್ಯೆಯೇ ಉದ್ಯಮದ ಪ್ಯಾನ್ ಆಗಿರುತ್ತದೆ. ಆದ್ದರಿಂದ ಅಂಗಡಿಯ ಹೆಸರಿನಲ್ಲಿ ಎರಡನೆಯ ಪ್ಯಾನ್ ಕೋರಿ ಅರ್ಜಿ ಸಲ್ಲಿಸಬಾರದು. ಒಬ್ಬ ವ್ಯಕ್ತಿ ಎರಡು ಪ್ಯಾನ್ ಹೊಂದಿದ್ದಲ್ಲಿ 10,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಹಿಂದೆ ತಿಳಿಯದೆ ಎರಡು ಪಡೆದವರು ಒಂದನ್ನು ಹಿಂದಿರುಗಿಸಬೇಕು.

ವಾರ್ಷಿಕ ವಹಿವಾಟು 5 ಲಕ್ಷ ರೂಪಾಯಿ ಮೀರುವ ಯಾವುದೇ ವ್ಯಾಪಾರಕ್ಕೆ ಪ್ಯಾನ್ ಕಡ್ಡಾಯ. ಈವರೆಗೆ ಪ್ಯಾನ್ ಪಡೆಯದ ವಯಸ್ಕರು ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದಲ್ಲಿ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ-ಪ್ಯಾನ್ ಅನ್ನು ಉಚಿತವಾಗಿ ಪಡೆಯಬಹುದು. ಪ್ಯಾನ್ ಪಡೆದ ಮಾತ್ರಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ ಎಂಬ ಭಯ ಅನವಶ್ಯಕ. ತೆರಿಗೆಯು ಆದಾಯವನ್ನು ಅವಲಂಬಿಸಿದೆಯೇ ಹೊರತು ಕಾರ್ಡನ್ನು ಅಲ್ಲ.

3. ಜಿಎಸ್‌ಟಿ ಗುರುತಿನ ಸಂಖ್ಯೆಯ ರಚನೆ

ಜಿಎಸ್‌ಟಿ ಗುರುತಿನ ಸಂಖ್ಯೆಯು ಹದಿನೈದು ಸ್ಥಾನಗಳಿಂದ ಕೂಡಿದೆ. ಅದನ್ನು ಹೀಗೆ ಓದಬೇಕು:

• ಮೊದಲ ಎರಡು ಅಂಕಿ: ರಾಜ್ಯದ ಸಂಕೇತ. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ತಮಿಳುನಾಡಿಗೆ 33.
• ಮೂರರಿಂದ ಹನ್ನೆರಡನೆಯ ಸ್ಥಾನದವರೆಗೆ: ಮಾಲೀಕರ ಹತ್ತು ಸ್ಥಾನಗಳ ಪ್ಯಾನ್, ಯಥಾವತ್ತಾಗಿ.
• ಹದಿಮೂರನೆಯ ಸ್ಥಾನ: ಅದೇ ರಾಜ್ಯದಲ್ಲಿ ಅದೇ ಪ್ಯಾನ್ ಮೇಲೆ ಪಡೆದ ನೋಂದಣಿಯ ಕ್ರಮಸಂಖ್ಯೆ.
• ಹದಿನಾಲ್ಕನೆಯ ಸ್ಥಾನ: ಸಾಮಾನ್ಯವಾಗಿ 'ಝಡ್' ಅಕ್ಷರ.
• ಹದಿನೈದನೆಯ ಸ್ಥಾನ: ತಾಳೆ ಅಂಕಿ. ಇದನ್ನು ಹಿಂದಿನ ಹದಿನಾಲ್ಕು ಸ್ಥಾನಗಳಿಂದ ಲೆಕ್ಕ ಹಾಕಲಾಗುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೂ ತಾಳೆಯಾಗದೆ ತಪ್ಪು ಗೊತ್ತಾಗಲೆಂದು ಈ ವ್ಯವಸ್ಥೆ.

ಸಂಖ್ಯೆಯ ಮಧ್ಯಭಾಗದಲ್ಲಿಯೇ ಮಾಲೀಕರ ಪ್ಯಾನ್ ಇರುವುದರಿಂದ, ಒಬ್ಬರು ಎಷ್ಟು ಅಂಗಡಿ ನಡೆಸಿದರೂ, ಎಷ್ಟು ಹೆಸರುಗಳನ್ನಿಟ್ಟರೂ ಅವರ ವಹಿವಾಟೆಲ್ಲ ಒಂದೇ ಪ್ಯಾನ್ ಅಡಿಯಲ್ಲಿ ಒಟ್ಟುಗೂಡುತ್ತದೆ. ಬ್ಯಾಂಕ್ ಖಾತೆಯೂ ಪ್ಯಾನ್‌ಗೆ ಜೋಡಣೆಯಾಗಿರುತ್ತದೆ. ಹೀಗಾಗಿ ನಾಲ್ಕು ಕ್ಯೂಆರ್ ಫಲಕಗಳನ್ನು ಇಟ್ಟ ಮಾತ್ರಕ್ಕೆ ವಹಿವಾಟು ನಾಲ್ಕು ಭಾಗವಾಗುವುದಿಲ್ಲ.

4. ನೋಂದಣಿ ಯಾರಿಗೆ ಕಡ್ಡಾಯ?

ಕರ್ನಾಟಕದಲ್ಲಿ ಸರಕುಗಳನ್ನು ಮಾತ್ರ ಮಾರುವವರಿಗೆ ಆರ್ಥಿಕ ವರ್ಷವೊಂದರ ಒಟ್ಟು ವಹಿವಾಟು 40 ಲಕ್ಷ ರೂಪಾಯಿ ಮೀರಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ನೀಡುವವರಿಗೆ, ಅಥವಾ ಸರಕಿನ ಜೊತೆಗೆ ಸೇವೆಯನ್ನೂ ನೀಡುವವರಿಗೆ ಈ ಮಿತಿ 20 ಲಕ್ಷ ರೂಪಾಯಿ. ಹೋಟೆಲು ನಡೆಸುವುದನ್ನು ಕಾನೂನು ಸೇವೆ ಎಂದೇ ಪರಿಗಣಿಸುತ್ತದೆ. ವರ್ಷದ 365 ದಿನಗಳಿಗೆ ಹಂಚಿದರೆ 40 ಲಕ್ಷವೆಂದರೆ ದಿನಕ್ಕೆ ಸುಮಾರು 10,960 ರೂಪಾಯಿ ಮತ್ತು 20 ಲಕ್ಷವೆಂದರೆ ಸುಮಾರು 5,480 ರೂಪಾಯಿ ವ್ಯಾಪಾರ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ದಿನದ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಈ ಮೊತ್ತದೊಡನೆ ಹೋಲಿಸಿ ನೋಡಬಹುದು. ಇದು ಲಾಭದ ಲೆಕ್ಕವಲ್ಲ, ಒಟ್ಟು ಮಾರಾಟದ ಲೆಕ್ಕ ಎಂಬುದನ್ನು ಮರೆಯಬಾರದು.

ಕೆಳಗಿನ ನಾಲ್ಕು ಕಾಲ್ಪನಿಕ ಉದಾಹರಣೆಗಳಿಂದ ನಿಯಮ ಸ್ಪಷ್ಟವಾಗುತ್ತದೆ.

ಉದಾಹರಣೆ ಒಂದು: ತಾಜಾ ತರಕಾರಿ ಮತ್ತು ಹಣ್ಣನ್ನು ಮಾತ್ರ ಮಾರುವ ವ್ಯಾಪಾರಿಯ ವಾರ್ಷಿಕ ಮಾರಾಟ 45 ಲಕ್ಷ. ಇವು ತೆರಿಗೆಯಿಂದ ವಿನಾಯಿತಿ ಪಡೆದ ಸರಕುಗಳು. ಸಂಪೂರ್ಣವಾಗಿ ವಿನಾಯಿತಿ ಪಡೆದ ಸರಕುಗಳನ್ನೇ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ. ಖರೀದಿ ಮತ್ತು ಮಾರಾಟದ ದಾಖಲೆಗಳನ್ನು ಇಟ್ಟುಕೊಂಡಿದ್ದರೆ ಸಾಕು.

ಉದಾಹರಣೆ ಎರಡು: ತರಕಾರಿ ಮತ್ತು ಹಾಲಿನ ಮಾರಾಟ 35 ಲಕ್ಷ, ಸಾಬೂನು, ಬಿಸ್ಕತ್ತು ಮುಂತಾದವುಗಳ ಮಾರಾಟ 8 ಲಕ್ಷ. ಒಟ್ಟು 43 ಲಕ್ಷ. ಮಿತಿಯನ್ನು ಲೆಕ್ಕ ಹಾಕುವಾಗ ವಿನಾಯಿತಿ ಪಡೆದ ಸರಕಿನ ಮಾರಾಟವೂ ಸೇರುವುದರಿಂದ ನೋಂದಣಿ ಕಡ್ಡಾಯ. ಆದರೆ ತೆರಿಗೆಯು ತೆರಿಗೆ ಇರುವ ಸರಕಿನ ಮಾರಾಟಕ್ಕೆ ಮಾತ್ರ ಅನ್ವಯಿಸುತ್ತದೆ.

ಉದಾಹರಣೆ ಮೂರು: ಹಾರ್ಡ್‌ವೇರ್ ಮಾರಾಟ 24 ಲಕ್ಷ, ಅದೇ ಅಂಗಡಿಯಲ್ಲಿ ಮೋಟಾರು ದುರಸ್ತಿಯ ಕೂಲಿ 3 ಲಕ್ಷ. ಸೇವೆಯೂ ಸೇರಿರುವುದರಿಂದ 40 ಲಕ್ಷದ ಮಿತಿ ದೊರೆಯುವುದಿಲ್ಲ. ಒಟ್ಟು 27 ಲಕ್ಷವು 20 ಲಕ್ಷದ ಮಿತಿಯನ್ನು ಮೀರಿದೆ, ನೋಂದಣಿ ಕಡ್ಡಾಯ.

ಉದಾಹರಣೆ ನಾಲ್ಕು: ಒಬ್ಬರೇ ಒಂದು ಊರಿನಲ್ಲಿ 30 ಲಕ್ಷದ ಗೊಬ್ಬರದ ಅಂಗಡಿಯನ್ನೂ ಪಕ್ಕದ ಊರಿನಲ್ಲಿ 15 ಲಕ್ಷದ ಸಿಮೆಂಟ್ ಅಂಗಡಿಯನ್ನೂ ನಡೆಸುತ್ತಾರೆ. ಎರಡಕ್ಕೂ ಪ್ಯಾನ್ ಒಂದೇ. ಒಟ್ಟು 45 ಲಕ್ಷ, ನೋಂದಣಿ ಕಡ್ಡಾಯ.

ತನ್ನ ಜಮೀನಿನಲ್ಲಿ ಬೆಳೆದ ಫಸಲನ್ನು ಮಾರುವ ರೈತರಿಗೆ ಆ ಮಟ್ಟಿಗೆ ನೋಂದಣಿ ಬೇಕಿಲ್ಲ. ಇತರರ ಫಸಲನ್ನು ಕೊಂಡು ಮಾರಿದಲ್ಲಿ ಅದು ವ್ಯಾಪಾರ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ಕರಕುಶಲ ವಸ್ತುಗಳಂತಹ ಕೆಲವು ವಿನಾಯಿತಿಗಳನ್ನು ಹೊರತುಪಡಿಸಿ, ವಹಿವಾಟಿನ ಮೊತ್ತ ಎಷ್ಟೇ ಇದ್ದರೂ ನೋಂದಣಿ ಪಡೆಯಬೇಕು. ಗಡಿ ತಾಲ್ಲೂಕುಗಳ ವ್ಯಾಪಾರಿಗಳು ಇದನ್ನು ವಿಶೇಷವಾಗಿ ಗಮನಿಸುವುದು.

ನೋಂದಣಿಯ ಹೊಣೆ ಉಂಟಾದ ದಿನದಿಂದ 30 ದಿನಗಳೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ. ಪ್ಯಾನ್, ಆಧಾರ್, ಭಾವಚಿತ್ರ, ಬ್ಯಾಂಕ್ ಖಾತೆಯ ವಿವರ ಮತ್ತು ವ್ಯಾಪಾರ ಸ್ಥಳದ ದಾಖಲೆ ಬೇಕಾಗುತ್ತವೆ. ಸ್ವಂತ ಕಟ್ಟಡವಾದರೆ ಕಂದಾಯ ಪಾವತಿ ರಸೀದಿ ಅಥವಾ ವಿದ್ಯುತ್ ಬಿಲ್, ಬಾಡಿಗೆಯದಾದರೆ ಅದರ ಜೊತೆಗೆ ಬಾಡಿಗೆ ಕರಾರು, ಮನೆಯವರ ಹೆಸರಿನಲ್ಲಿದ್ದರೆ ಒಪ್ಪಿಗೆ ಪತ್ರ ಸಲ್ಲಿಸಬೇಕು.

5. ಕಾಂಪೋಸಿಷನ್ ಪದ್ಧತಿ

ನೋಂದಣಿ ಎಂದ ಕೂಡಲೇ ಪ್ರತಿ ತಿಂಗಳೂ ಲೆಕ್ಕಪರಿಶೋಧಕರ ಬಳಿ ಓಡಾಡಬೇಕು ಎಂಬ ಅಳುಕು ಹಲವರಲ್ಲಿದೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿವರೆಗೆ ಇರುವ ಸರಕಿನ ವ್ಯಾಪಾರಿಗಳು ಮತ್ತು ಹೋಟೆಲುಗಳು ಕಾಂಪೋಸಿಷನ್ ಪದ್ಧತಿಯನ್ನು, ಅಂದರೆ ರಾಜಿ ತೆರಿಗೆಯನ್ನು ಆಯ್ದುಕೊಳ್ಳಬಹುದು. ವ್ಯಾಪಾರಿಗಳಿಗೆ ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ. 1, ಮದ್ಯ ಸರಬರಾಜು ಇಲ್ಲದ ಹೋಟೆಲುಗಳಿಗೆ ಶೇ. 5 ದರ ಅನ್ವಯಿಸುತ್ತದೆ. ಇತರ ಸೇವೆಗಳಿಗೆ 50 ಲಕ್ಷದ ಮಿತಿಯಲ್ಲಿ ಶೇ. 6 ದರದ ಪದ್ಧತಿ ಇದೆ. ಮೂರು ತಿಂಗಳಿಗೊಮ್ಮೆ ತೆರಿಗೆ ಪಾವತಿಸಿ ವರ್ಷಕ್ಕೊಮ್ಮೆ ರಿಟರ್ನ್ ಸಲ್ಲಿಸಿದರೆ ಸಾಕು.

ಮೇಲಿನ ಎರಡನೆಯ ಉದಾಹರಣೆಯ ಕಿರಾಣಿ ವ್ಯಾಪಾರಿಗೆ ಇದನ್ನು ಅನ್ವಯಿಸಿದರೆ, 8 ಲಕ್ಷಕ್ಕೆ ಶೇ. 1ರಂತೆ ವರ್ಷಕ್ಕೆ 8,000 ರೂಪಾಯಿ ತೆರಿಗೆ ಬರುತ್ತದೆ. ನೋಟಿಸ್ ಬಂದು ಹಿಂದಿನ ವರ್ಷಗಳ ತೆರಿಗೆ, ಬಡ್ಡಿ ಮತ್ತು ದಂಡವನ್ನು ಒಟ್ಟಿಗೆ ಎದುರಿಸುವುದಕ್ಕಿಂತ ಇದು ಬಹಳ ಹಗುರ. ಆದರೆ ಈ ಪದ್ಧತಿಯಲ್ಲಿರುವವರು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ ಮತ್ತು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವಂತಿಲ್ಲ.

ಅಗತ್ಯವಿಲ್ಲದವರು ಸಾಲಕ್ಕೆ ಅನುಕೂಲವಾಗುತ್ತದೆ ಎಂಬ ಮಾತು ಕೇಳಿ ನೋಂದಣಿ ಮಾಡಿಸಿ ಮರೆತುಬಿಡುವುದೂ ಅಪಾಯಕರ. ಸಾಮಾನ್ಯ ಪದ್ಧತಿಯ ನೋಂದಣಿಯಲ್ಲಿ ವ್ಯಾಪಾರ ಶೂನ್ಯವಿದ್ದರೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿಯಂತೆ, ಪ್ರತಿ ರಿಟರ್ನ್‌ಗೆ ಗರಿಷ್ಠ 500 ರೂಪಾಯಿವರೆಗೆ ವಿಳಂಬ ಶುಲ್ಕ ಬೀಳುತ್ತದೆ. ಅಂಗಡಿ ಮುಚ್ಚಿದರೆ ನೋಂದಣಿ ತಾನಾಗಿಯೇ ಕೊನೆಗೊಳ್ಳುತ್ತದೆ ಎಂದು ಭಾವಿಸದೆ, ರದ್ದತಿಗೆ ಅರ್ಜಿ ಸಲ್ಲಿಸಬೇಕು.

6. ತೆರಿಗೆ ಸಂಖ್ಯೆಯೆಂದು ತಪ್ಪಾಗಿ ಭಾವಿಸುವ ಸಂಖ್ಯೆಗಳು

ಉದ್ಯಮ್ ನೋಂದಣಿ: ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉಚಿತ ನೋಂದಣಿ ಇದು. ಬ್ಯಾಂಕ್ ಸಾಲಕ್ಕೆ ಮತ್ತು ಸರ್ಕಾರಿ ಯೋಜನೆಗಳಿಗೆ ಉಪಯುಕ್ತ. ಇದು ತೆರಿಗೆ ಸಂಖ್ಯೆಯಲ್ಲ. ಜಿಎಸ್‌ಟಿ ನೋಂದಣಿಗೆ ಬದಲಿಯೂ ಅಲ್ಲ. ಪ್ಯಾನ್ ಇಲ್ಲದ ಅತಿ ಸಣ್ಣ ಉದ್ಯಮಗಳಿಗಾಗಿ ಉದ್ಯಮ್ ಅಸಿಸ್ಟ್ ವೇದಿಕೆ ಇದೆ.

ಪಂಚಾಯತಿಯ ವ್ಯಾಪಾರ ಪರವಾನಗಿ: ನಿರ್ದಿಷ್ಟ ಸ್ಥಳದಲ್ಲಿ ನಿರ್ದಿಷ್ಟ ವ್ಯಾಪಾರ ನಡೆಸಲು ಗ್ರಾಮ ಪಂಚಾಯತಿ ನೀಡುವ ಅನುಮತಿ. ಇದಕ್ಕೆ ಪಾವತಿಸುವ ಶುಲ್ಕಕ್ಕೂ ಜಿಎಸ್‌ಟಿಗೂ ಸಂಬಂಧವಿಲ್ಲ. ಆದರೆ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ಬ್ಯಾಂಕುಗಳು ಕೇಳುವ ದಾಖಲೆಗಳಲ್ಲಿ ಸ್ಥಳೀಯ ಸಂಸ್ಥೆಯ ಪರವಾನಗಿಯೂ ಒಂದು.

ಟ್ಯಾನ್: ಇತರರಿಗೆ ಪಾವತಿಸುವಾಗ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಾದವರು ಪಡೆಯುವ ಸಂಖ್ಯೆ. ವ್ಯಾಪಾರಿಯ ಹಿಂದಿನ ವರ್ಷದ ವಹಿವಾಟು 1 ಕೋಟಿ ರೂಪಾಯಿ ಮೀರಿದ್ದಲ್ಲಿ ಇದರ ಅಗತ್ಯ ಬರಬಹುದು. ಬಹುತೇಕ ಹಳ್ಳಿ ಅಂಗಡಿಗಳಿಗೆ ಬೇಕಾಗುವುದಿಲ್ಲ.

ಆಮದು-ರಫ್ತು ಸಂಕೇತ: ವಿದೇಶಕ್ಕೆ ಸರಕು ಕಳುಹಿಸುವವರು ಪಡೆಯಬೇಕಾದ ಈ ಸಂಕೇತವೂ ಈಗ ಪ್ಯಾನ್ ಸಂಖ್ಯೆಯೇ ಆಗಿದೆ. ಆದರೆ ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.

7. ಒಬ್ಬರ ವ್ಯಾಪಾರ, ಮತ್ತೊಬ್ಬರ ಸಂಖ್ಯೆ

ಹಳ್ಳಿಗಳಲ್ಲಿ ಸಾಮಾನ್ಯವಾಗಿರುವ ಮತ್ತು ಹೆಚ್ಚು ತೊಂದರೆಗೆ ಈಡುಮಾಡುವ ರೂಢಿ ಇದು. ಸಾಲ ಸೌಲಭ್ಯಕ್ಕಾಗಿ ಪತ್ನಿಯ ಅಥವಾ ತಾಯಿಯ ಹೆಸರಿನಲ್ಲಿ ನೋಂದಣಿ ಮಾಡಿಸಿ ವ್ಯಾಪಾರವನ್ನು ಮನೆಯ ಗಂಡಸರು ನಡೆಸುವುದುಂಟು. ಅಂಗಡಿ ತಂದೆಯದಾಗಿದ್ದು ಕ್ಯೂಆರ್ ಮಗನ ಖಾತೆಯದಾಗಿರುವುದೂ ಉಂಟು. ಪರಿಚಿತರು ಕೇಳಿದರೆಂದು ಪ್ಯಾನ್ ಪ್ರತಿಯನ್ನು ಮತ್ತು ಒಟಿಪಿಯನ್ನು ಕೊಟ್ಟುಬಿಡುವವರೂ ಇದ್ದಾರೆ.

ಈ ಎಲ್ಲ ಸಂದರ್ಭಗಳಲ್ಲಿ ಇಲಾಖೆಯ ದಾಖಲೆಯಲ್ಲಿ ಯಾರ ಪ್ಯಾನ್ ಇದೆಯೋ ಅವರೇ ಮೊದಲು ಉತ್ತರಿಸಬೇಕಾಗುತ್ತದೆ. ತೆರಿಗೆ ಬಾಕಿ ಉಳಿದರೆ ವಸೂಲಾತಿಯ ಕ್ರಮವೂ ಅವರ ಖಾತೆ ಮತ್ತು ಆಸ್ತಿಯ ಮೇಲೆಯೇ ನಡೆಯುತ್ತದೆ. ಸಂಜೀವಿನಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಹೆಸರಿನಲ್ಲಿ ಉದ್ಯಮ ಇದ್ದಲ್ಲಿ, ಒಟಿಪಿ ಬರುವ ಮೊಬೈಲ್ ಅವರ ಕೈಯಲ್ಲಿರಬೇಕು, ಪೋರ್ಟಲ್‌ನ ಪಾಸ್‌ವರ್ಡ್ ಅವರಿಗೆ ತಿಳಿದಿರಬೇಕು ಮತ್ತು ಸಲ್ಲಿಸಿದ ಪ್ರತಿ ರಿಟರ್ನ್‌ನ ಪ್ರತಿ ಅವರ ಬಳಿ ಇರಬೇಕು. ಪತ್ನಿ ತನ್ನ ಬಂಡವಾಳದಿಂದ ತಾನೇ ನಡೆಸುವ ಉದ್ಯಮವು ಆಕೆಯ ಪ್ಯಾನ್ ಅಡಿಯಲ್ಲಿ ಪ್ರತ್ಯೇಕವಾಗಿ ಲೆಕ್ಕವಾಗುತ್ತದೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆಕೆಯ ಹೆಸರನ್ನು ಮಾತ್ರ ಬಳಸಿಕೊಳ್ಳುವುದು ಅಪಾಯಕರ.

ತಮ್ಮ ಪ್ಯಾನ್ ದುರುಪಯೋಗವಾಗಿದೆಯೇ ಎಂಬುದನ್ನು ಪರಿಶೀಲಿಸುವುದು ಸುಲಭ. ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆರಿಗೆದಾರರ ಹುಡುಕಾಟ ವಿಭಾಗದಲ್ಲಿ ಪ್ಯಾನ್ ನಮೂದಿಸಿದರೆ ಆ ಪ್ಯಾನ್ ಮೇಲೆ ದೇಶದಲ್ಲಿ ಪಡೆದ ಎಲ್ಲ ಜಿಎಸ್‌ಟಿ ನೋಂದಣಿಗಳ ಪಟ್ಟಿ ದೊರೆಯುತ್ತದೆ. ಇದಕ್ಕೆ ಲಾಗಿನ್ ಬೇಕಿಲ್ಲ. ತಾವು ಪಡೆಯದ ನೋಂದಣಿ ಕಂಡುಬಂದಲ್ಲಿ ತಡಮಾಡದೆ ಪೋರ್ಟಲ್‌ನಲ್ಲಿಯೇ ದೂರು ದಾಖಲಿಸಬೇಕು.

ಖಾತೆಗೆ ಬಂದ ಹಣವೆಲ್ಲವೂ ವಹಿವಾಟಲ್ಲ. ಕೈಸಾಲ, ಚೀಟಿ ಹಣ, ಮಕ್ಕಳು ಕಳುಹಿಸಿದ ಹಣ ಮಾರಾಟವಾಗುವುದಿಲ್ಲ. ಆದರೆ ಅವೆಲ್ಲವೂ ಅಂಗಡಿಯ ಕ್ಯೂಆರ್ ಮೂಲಕವೇ ಬಂದರೆ ಬೇರ್ಪಡಿಸಿ ತೋರಿಸುವ ಭಾರ ವ್ಯಾಪಾರಿಯ ಮೇಲೆ ಬೀಳುತ್ತದೆ. ಆದ್ದರಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇಡುವುದು ಒಳಿತು. ನಗದು ಮಾರಾಟವೂ ವಹಿವಾಟಿನಲ್ಲಿ ಸೇರುವುದರಿಂದ, ಕ್ಯೂಆರ್ ಫಲಕ ತೆಗೆದುಹಾಕುವುದು ಕಾನೂನಿನ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

8. ಮಾಲೀಕರು ನಿಧನರಾದಾಗ

ಸಂಖ್ಯೆ ವ್ಯಕ್ತಿಗೆ ಸೇರಿದ್ದಾದ್ದರಿಂದ ಅದು ವಾರಸುದಾರರಿಗೆ ವರ್ಗವಾಗುವುದಿಲ್ಲ. ತಂದೆಯ ನಂತರ ಅಂಗಡಿ ಮುಂದುವರಿಸುವ ಮಗ ಅಥವಾ ಮಗಳು ತಂದೆಯ ಜಿಎಸ್‌ಟಿ ಸಂಖ್ಯೆಯಲ್ಲಿ ಬಿಲ್ ನೀಡುವಂತಿಲ್ಲ. ನೋಂದಣಿಯ ಹೊಣೆ ಇರುವ ವ್ಯಾಪಾರವಾದರೆ, ವಾರಸುದಾರರು ವ್ಯಾಪಾರ ವಹಿಸಿಕೊಂಡ ದಿನದಿಂದ 30 ದಿನಗಳೊಳಗೆ ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿಗೆ ಅರ್ಜಿ ಸಲ್ಲಿಸಿ, ಹಳೆಯದರ ರದ್ದತಿಗೂ ಅರ್ಜಿ ಸಲ್ಲಿಸಬೇಕು. ಹಳೆಯ ನೋಂದಣಿಯಲ್ಲಿ ಬಳಕೆಯಾಗದೆ ಉಳಿದ ಹೂಡುವಳಿ ತೆರಿಗೆಯ ಜಮೆಯನ್ನು ನಿಗದಿತ ನಮೂನೆಯ ಮೂಲಕ ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದು. ರದ್ದತಿಗೆ ಮುನ್ನ ಈ ವರ್ಗಾವಣೆಯನ್ನು ಮುಗಿಸಿಕೊಳ್ಳುವುದು ಕ್ಷೇಮ.

ವ್ಯಾಪಾರ ಮುಂದುವರಿಸಿದರೆ ಮೃತರ ತೆರಿಗೆ ಬಾಕಿಯ ಹೊಣೆ ವಾರಸುದಾರರಿಗೆ ಬರುತ್ತದೆ. ಮುಂದುವರಿಸದಿದ್ದಲ್ಲಿ ಮೃತರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ವಸೂಲಾತಿ ಸಾಧ್ಯ. ಸಹೋದರರಿಬ್ಬರು ಸೇರಿ ಪಾಲುದಾರಿಕೆಯಲ್ಲಿ ಮುಂದುವರಿಸಿದರೆ ಅದು ಏಕಮಾಲೀಕತ್ವವಲ್ಲ. ಪಾಲುದಾರಿಕೆ ಸಂಸ್ಥೆಗೆ ಹೊಸ ಪ್ಯಾನ್ ಮತ್ತು ಹೊಸ ಜಿಎಸ್‌ಟಿ ಸಂಖ್ಯೆ ಎರಡೂ ಬೇಕು.

9. ಗ್ರಾಮ ಪಂಚಾಯತಿಗಳು ಮಾಡಬಹುದಾದ ಕಾರ್ಯ

ಜಿಎಸ್‌ಟಿ ನೋಂದಣಿ ನೀಡುವುದಾಗಲೀ ತೆರಿಗೆ ನಿರ್ಧರಿಸುವುದಾಗಲೀ ಪಂಚಾಯತಿಯ ಅಧಿಕಾರ ವ್ಯಾಪ್ತಿಯಲ್ಲಿಲ್ಲ. ಆದರೆ ವ್ಯಾಪಾರಿಗಳು ಮೊದಲು ಬರುವುದು ನಮ್ಮ ಕಚೇರಿಗೇ ಆದ್ದರಿಂದ ಈ ಕೆಳಗಿನವುಗಳನ್ನು ಮಾಡಬಹುದಾಗಿದೆ:

ಅ) ವ್ಯಾಪಾರ ಪರವಾನಗಿ ನೀಡುವಾಗ ಮತ್ತು ನವೀಕರಿಸುವಾಗ, ಅರ್ಜಿದಾರರೇ ನಿಜವಾಗಿ ವ್ಯಾಪಾರ ನಡೆಸುವವರೇ ಎಂಬುದನ್ನು ವಿಚಾರಿಸಿ, ಸಂಖ್ಯೆಯ ಹೊಣೆಯನ್ನು ತಿಳಿಸಿ ಹೇಳುವುದು.
ಆ) ಅಂಗಡಿ ಕಟ್ಟಡದ ಕಂದಾಯ ರಸೀದಿಯಲ್ಲಿ ಮಾಲೀಕರ ಹೆಸರು ಮತ್ತು ವಿಳಾಸ ಸರಿಯಾಗಿರುವಂತೆ ನೋಡಿಕೊಳ್ಳುವುದು. ಹೆಸರಿನ ವ್ಯತ್ಯಾಸವು ನೋಂದಣಿ ಅರ್ಜಿಗೆ ಅಡ್ಡಿಯಾಗಬಹುದು.
ಇ) ಮರಣ ಪ್ರಮಾಣಪತ್ರಕ್ಕೆ ಬರುವ ವ್ಯಾಪಾರಿ ಕುಟುಂಬದವರಿಗೆ 30 ದಿನಗಳ ಅವಧಿಯ ಬಗ್ಗೆ ಮಾಹಿತಿ ನೀಡುವುದು.
ಈ) ಗ್ರಾಮ ಸಭೆ ಮತ್ತು ಸ್ವಸಹಾಯ ಗುಂಪುಗಳ ಒಕ್ಕೂಟದ ಸಭೆಗಳಲ್ಲಿ 40 ಲಕ್ಷ ಮತ್ತು 20 ಲಕ್ಷದ ಮಿತಿಗಳನ್ನು ಉದಾಹರಣೆ ಸಹಿತ ವಿವರಿಸುವುದು.
ಉ) ನೋಟಿಸ್ ಪಡೆದವರು ಅದನ್ನು ಬದಿಗಿಡದೆ, ಅದರಲ್ಲಿ ತಿಳಿಸಿದ ಅವಧಿಯೊಳಗೆ ದಾಖಲೆಗಳೊಡನೆ ಸಂಬಂಧಪಟ್ಟ ತೆರಿಗೆ ಕಚೇರಿಗೆ ಲಿಖಿತ ಉತ್ತರ ನೀಡುವಂತೆ ಸೂಚಿಸುವುದು. ವಿನಾಯಿತಿ ಪಡೆದ ಸರಕು ಮಾರುವವರ ಮೌನವೂ ಅವರಿಗೆ ವಿರುದ್ಧವಾಗಿ ಪರಿಣಮಿಸಬಹುದು.

ಮಿತಿಗಳು ಮತ್ತು ದರಗಳು ಕಾಲಕಾಲಕ್ಕೆ ಬದಲಾಗಬಹುದಾದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ವಾಣಿಜ್ಯ ತೆರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ಈ ಲೇಖನದ ಪ್ರತಿಯನ್ನು ಗ್ರಾಮ ಪಂಚಾಯತಿಯ ಸೂಚನಾ ಫಲಕದಲ್ಲಿ ಮತ್ತು ಗ್ರಂಥಾಲಯದಲ್ಲಿ ಪ್ರಕಟಿಸಿ, ವ್ಯಾಪಾರಿಗಳು ಓದಲು ಅನುವು ಮಾಡಿಕೊಡಬೇಕಾಗಿ ಕೋರಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ